ಬಯಲ ಬೆಂಕಿ

ಪುಷ್ಯಮಾಸದಲ್ಲಿ ನಮ್ಮ ಕೈಸೇರುವ ಪತ್ರಗಳಲ್ಲಿ ನೆಗಡಿ ಕೆಮ್ಮುಗಳ ವಿಚಾರವೇ ಹೆಚ್ಚು. ಈ ಸಲ ಮಲೆನಾಡಿನ ಕಡೆಯ ಗೃಹಸ್ಥರೊಬ್ಬರು ಬರೆದಿರುವ ಪತ್ರವು ಬೇರೊಂದು ಬಗೆಯದಾಗಿದೆ. ಅವರು ತಮ್ಮ ಹಿತ್ತಲಿನಲ್ಲಿ ಮೊಣಕಾಲುದ್ದದ ಗುಣಿಯೊಂದನ್ನು ತೋಡಿಸಿ, ಸುತ್ತಲೂ ಕಲ್ಲು ಜೋಡಿಸಿ, ಸಾಯಂಕಾಲವಾಗುತ್ತಲೆ ಅದರಲ್ಲಿ ಬೆಂಕಿ ಹಾಕಿಸುವರಂತೆ. ಮನೆಯ ಹಿರಿಯರು ಕಿರಿಯರೆಲ್ಲರೂ ಅದರ ಸುತ್ತ ಕುಳಿತು ಚಳಿ ಕಾಯಿಸಿಕೊಳ್ಳುವರು. ಪಟ್ಟಣದಿಂದ ಬಂದ ಅಳಿಯಂದಿರು ಇದನ್ನು ಕಂಡು, "ಇದೇನು ಮಾವನವರೇ, ರೆಸಾರ್ಟಿನವರ ಶೋಕಿ ತಮ್ಮ ಮನೆಗೂ ಬಂದುಬಿಟ್ಟಿತಲ್ಲ!" ಎಂದು ನಕ್ಕರಂತೆ. ಈ ಗುಣಿಯ ಬೆಂಕಿಯು ನಿಜವಾಗಿಯೂ ಹೊಸ ಶೋಕಿಯೆ, ಅಥವಾ ಇದಕ್ಕೆ ಪೂರ್ವಚರಿತ್ರೆಯೇನಾದರೂ ಉಂಟೆ ಎಂಬುದು ಅವರ ಮೊದಲನೆಯ ಪ್ರಶ್ನೆ. ಎರಡನೆಯದು ಇದಕ್ಕಿಂತ ಮುಖ್ಯವಾದುದು. 80 ವರ್ಷ ದಾಟಿದ ಅವರ ತಾಯಿಯವರು ರಾತ್ರಿ ಹೊತ್ತು ಹೊರಗೆ ಬಂದು ಕುಳಿತುಕೊಳ್ಳಲಾರರು. ಆದುದರಿಂದ ಗುಣಿಯಲ್ಲಿ ಉಳಿದ ಕೆಂಡವನ್ನು ಕಬ್ಬಿಣದ ಬಾಣಲೆಯಲ್ಲಿ ತುಂಬಿ ಅವರ ಮಂಚದ ಬಳಿ ಇಟ್ಟು, ಗಾಳಿ ನುಗ್ಗದಂತೆ ಕಿಟಕಿ ಬಾಗಿಲುಗಳನ್ನು ಮುಚ್ಚಬಹುದೆ ಎಂದು ಕೇಳಿದ್ದಾರೆ.

ಕೂಡದು. ಈ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಸಂಚಿಕೆಯು ಅಚ್ಚಾಗಿ ಹೊರಡುವವರೆಗೆ ಕಾಯದೆ ಆ ಮಹನೀಯರಿಗೆ ಪ್ರತ್ಯೇಕವಾಗಿ ಕಾಗದವನ್ನೂ ಬರೆದಿದ್ದೇವೆ. ಕಾರಣವೇನೆಂಬುದನ್ನು ಮುಂದೆ ವಿವರಿಸುವೆವು. ಅದಕ್ಕೆ ಮೊದಲು ಅಳಿಯಂದಿರ ನಗೆಗೆ ಉತ್ತರ ಕೊಡುವುದು ನ್ಯಾಯ.

ಬೆಂಕಿಯು ಮನೆಗಿಂತ ಬಹಳ ಹಿರಿಯದು. ದಕ್ಷಿಣ ಆಫ್ರಿಕೆಯ ವಂಡರ್‌ವರ್ಕ್ ಎಂಬ ಗುಹೆಯ ಮಣ್ಣಿನ ಪದರದಲ್ಲಿ ಸುಟ್ಟ ಎಲುಬಿನ ಚೂರುಗಳೂ ಹುಲ್ಲುಸೊಪ್ಪಿನ ಬೂದಿಯೂ ದೊರೆತಿವೆ. ಅವು ಸುಮಾರು 10 ಲಕ್ಷ ವರ್ಷಗಳಷ್ಟು ಹಿಂದಿನವೆಂದು ವಿದ್ವಾಂಸರು 2012ರಲ್ಲಿ ಪ್ರಕಟಿಸಿದರು. ಗೋಡೆ ಕಟ್ಟಿ ಮಾಡು ಹಾಕಿ ಮನೆಯೆಂದು ಕರೆಯತಕ್ಕ ವಸ್ತುವನ್ನು ಮನುಷ್ಯನು ಮಾಡಿಕೊಂಡದ್ದು ಇದಕ್ಕೆ ಹೋಲಿಸಿದರೆ ನಿನ್ನೆಯ ಸಂಗತಿ. ಅಲ್ಲಿಯವರೆಗೆ ಮನುಷ್ಯನಿಗಿದ್ದುದು ಬಾಗಿಲಿಲ್ಲದ ಗುಹೆ, ಇಲ್ಲವೆ ಬಯಲು. ಅಡಿಗೆಮನೆಯ ಒಲೆಯು ಬಯಲ ಬೆಂಕಿಯ ಮೊಮ್ಮಗಳೇ ಹೊರತು ಅಜ್ಜಿಯಲ್ಲ.

ಬೆಂಕಿಯನ್ನು ನೆಲದ ಮೇಲೆಯೇ ಹಾಕಬಹುದಲ್ಲ, ಗುಣಿಯನ್ನು ಏಕೆ ತೋಡಬೇಕು? ಬಯಲಿನಲ್ಲಿ ಒಮ್ಮೆ ಬೆಂಕಿ ಹಾಕಿ ನೋಡಿದವರಿಗೆ ಇದರ ಉತ್ತರ ತಾನಾಗಿ ತಿಳಿಯುವುದು. ನೆಲದ ಮೇಲಿನ ಬೆಂಕಿಯು ಗಾಳಿ ಬೀಸಿದತ್ತ ಹೊರಳುತ್ತದೆ, ಕಿಡಿ ಹಾರಿಸುತ್ತದೆ, ಸೌದೆಯನ್ನು ಬೇಗ ತಿಂದುಹಾಕುತ್ತದೆ. ಗುಣಿಯಾದರೋ ನಾಲ್ಕು ಕಡೆಗೂ ಮಣ್ಣಿನ ಗೋಡೆಯುಳ್ಳದ್ದಾಗಿ ಗಾಳಿಯನ್ನು ತಡೆಯುವುದು. ಕಾದ ಗೋಡೆಯು ಶಾಖವನ್ನು ಮರಳಿ ಕೆಂಡಕ್ಕೇ ಕೊಡುವುದು. ರಾತ್ರಿ ಮಲಗುವಾಗ ಕೆಂಡದ ಮೇಲೆ ಬೂದಿಯನ್ನು ಎಳೆದು ಮುಚ್ಚಿದರೆ ಬೆಳಗಿನ ಜಾವಕ್ಕೂ ಒಳಗೆ ಕಿಚ್ಚು ಉಳಿದಿರುವುದು. ಬೆಂಕಿಪೆಟ್ಟಿಗೆಯಿಲ್ಲದ ಕಾಲದಲ್ಲಿ ಇದು ಎಷ್ಟು ದೊಡ್ಡ ಸೌಕರ್ಯವೆಂಬುದನ್ನು ವಾಚಕರೇ ಊಹಿಸಬಹುದು. ಗುಣಿಗಿರುವ ದೋಷವೊಂದೇ: ತಳಕ್ಕೆ ಗಾಳಿ ಸಾಲದೆ ಹೊಗೆಯಾಡುವುದು. ಗಾಳಿ ಬೀಸುವ ಕಡೆ ಒಂದು ಮೊಳ ದೂರದಲ್ಲಿ ಇನ್ನೊಂದು ಸಣ್ಣ ಗುಣಿಯನ್ನು ತೋಡಿ, ಎರಡನ್ನೂ ತಳದಲ್ಲಿ ಬಿಲದಂತೆ ಕೂಡಿಸಿದರೆ ಈ ದೋಷವು ಪರಿಹಾರವಾಗುತ್ತದೆ. ಸಣ್ಣ ಗುಣಿಯು ಉಸಿರನ್ನೆಳೆದು ದೊಡ್ಡದಕ್ಕೆ ಕೊಡುವುದು. ಉತ್ತರ ಅಮೆರಿಕೆಯ ಡಕೋಟಾ ಜನರ ಹೆಸರಿನಿಂದ ಈ ಕ್ರಮವು ಇಂದು ಲೋಕದಲ್ಲಿ ಪ್ರಸಿದ್ಧವಾಗಿದೆ.

ದೂರದ ದೇಶಗಳ ಮಾತು ಸಾಕು. ನಮ್ಮ ಕನ್ನಡನಾಡಿನಲ್ಲಿಯೇ ಬಯಲ ಬೆಂಕಿಯ ಚರಿತ್ರೆಯು ಕಣ್ಣಿಗೆ ಕಾಣುವಂತೆ ಗುಡ್ಡವಾಗಿ ನಿಂತಿದೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಎಂಬ ಊರುಂಟು. ಅದರ ಹತ್ತಿರ, ದಾರಿಯ ಪಕ್ಕದಲ್ಲಿಯೇ, ಬೂದುಬಣ್ಣದ ದಿಬ್ಬವೊಂದಿದೆ. ದಾರಿಹೋಕರು ಅದನ್ನು ಮಣ್ಣಿನ ಗುಡ್ಡವೆಂದೇ ಭಾವಿಸುವರು. ಹತ್ತಿರ ಹೋಗಿ ಕೈಯಿಂದ ಕೆದಕಿದರೆ ಮೆತ್ತನೆಯ ಬೂದಿಯೂ, ಅದರ ನಡುನಡುವೆ ಕರಗಿ ಹೆಪ್ಪುಗಟ್ಟಿದ ಗಾಜಿನಂಥ ಕಿಟ್ಟವೂ ಸಿಕ್ಕುವುವು. ಇಂಥ ಬೂದಿಗುಡ್ಡಗಳು ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಸೀಮೆಗಳಲ್ಲಿಯೂ ನೆರೆಯ ತೆಲುಗು ನಾಡಿನಲ್ಲಿಯೂ ನೂರರಷ್ಟು ಗೊತ್ತಾಗಿವೆ. ಸುರಪುರದ ಸೀಮೆಯ ಬೂದಿಹಾಳವು ತನ್ನ ಹೆಸರಿನಲ್ಲಿಯೇ ಬೂದಿಯನ್ನು ಹೊತ್ತುಕೊಂಡಿದೆ.

ಇಷ್ಟು ಬೂದಿ ಎಲ್ಲಿಂದ ಬಂದಿತು? ಊರವರು ತಮಗೆ ತೋಚಿದ ಉತ್ತರವನ್ನು ಹೇಳಿಕೊಂಡು ಬಂದರು. ರಾಕ್ಷಸರನ್ನು ಸುಟ್ಟ ಬೂದಿಯೆಂದು ಕೆಲವರು. ಹಂಪೆಯ ಹತ್ತಿರ ನಿಂಬಾಪುರದ ಗುಡ್ಡವು ವಾಲಿಯ ಚಿತಾಭಸ್ಮವೆಂದು ಅಲ್ಲಿಯ ಜನರು. ವಿದ್ವಾಂಸರೂ ಇವರಿಗೇನೂ ಸೋಲಲಿಲ್ಲ. ಕ್ಯಾಪ್ಟನ್ ನ್ಯೂಬೋಲ್ಡ್ ಎಂಬವರು 1843ರಲ್ಲಿ ಈ ಗುಡ್ಡಗಳ ವಿಷಯವಾಗಿ ಲೇಖನವನ್ನು ಪ್ರಕಟಿಸಿದಂದಿನಿಂದ, ಕಬ್ಬಿಣ ಕರಗಿಸಿದ ಕುಲುಮೆಯೆಂದೂ, ಇಟ್ಟಿಗೆಯ ಭಟ್ಟಿಯೆಂದೂ, ಜ್ವಾಲಾಮುಖಿಯೆಂದೂ ಬಗೆಬಗೆಯಾಗಿ ವಾದಗಳು ನಡೆದುವು. ಭೂಗರ್ಭಶಾಸ್ತ್ರಜ್ಞರಾದ ರಾಬರ್ಟ್ ಬ್ರೂಸ್ ಫೂಟ್ ಅವರು ಮಾತ್ರ, ಇವು ಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿಗಳಾಗಿರಬೇಕೆಂದು ಸೂಚಿಸಿದರು. ಸಗಣಿಯ ಬೂದಿಯು ಗಾಜಿನಂತೆ ಕರಗುವುದುಂಟೆ ಎಂದು ಅನೇಕರು ಒಪ್ಪಲಿಲ್ಲ. ಕೊನೆಗೆ ಲಂಡನ್ನಿನ ಜೊಯ್ನರ್ ಎಂಬ ವಿದ್ವಾಂಸರು ಆ ಕಿಟ್ಟವನ್ನು ಪರೀಕ್ಷಿಸಿ, 1960ರ ಸುಮಾರಿಗೆ ಫೂಟ್ ಅವರ ಮಾತೇ ನಿಜವೆಂದು ತೋರಿಸಿಕೊಟ್ಟರು. ಹುಲ್ಲಿನಲ್ಲಿ ಮರಳಿನ ಸತ್ತ್ವವುಂಟು. ಹುಲ್ಲು ತಿಂದ ದನದ ಸಗಣಿಯಲ್ಲಿಯೂ ಅದು ಉಳಿದಿರುವುದು. ಸಗಣಿಯ ದೊಡ್ಡ ರಾಶಿಯು ಗಾಳಿಗೆ ಚೆನ್ನಾಗಿ ಹೊತ್ತಿ ಉರಿದಾಗ, ಬೂದಿಯಲ್ಲಿರುವ ಕ್ಷಾರವು ಆ ಮರಳಿನೊಡನೆ ಬೆರೆತು ಅದನ್ನು ಕರಗಿಸಿ ಗಾಜಿನಂತೆ ಮಾಡಿಬಿಡುವುದು.

ಅದೇ ಕಾಲಕ್ಕೆ, 1957ರಲ್ಲಿ, ಆಲ್ಚಿನ್ ಎಂಬವರು ಇಂದಿನ ತೆಲಂಗಾಣಕ್ಕೆ ಸೇರಿದ ಉಟ್ನೂರಿನ ಗುಡ್ಡವನ್ನು ಅಗೆದು ನೋಡಿದರು. ದನದ ದೊಡ್ಡಿಗೆ ನೆಟ್ಟ ಗೂಟಗಳ ಕುಳಿಗಳು ಬೂದಿಯ ಅಡಿಯಲ್ಲಿ ಸಾಲಾಗಿ ಕಂಡುವು. ಅದಕ್ಕಿಂತಲೂ ಸೋಜಿಗವೆಂದರೆ, ದನಗಳ ಗೊರಸಿನ ಗುರುತುಗಳೇ ನೆಲದಲ್ಲಿ ಮೂಡಿ ಹಾಗೆಯೇ ಉಳಿದಿದ್ದುವು. 4000ಕ್ಕೂ ಹೆಚ್ಚು ವರ್ಷಗಳ ಹಿಂದೆ ಒದ್ದೆ ನೆಲವನ್ನು ತುಳಿದುಹೋದ ಹಸುವಿನ ಹೆಜ್ಜೆಯನ್ನು ಇಂದಿನವರು ಕಣ್ಣಾರೆ ಕಂಡರೆಂಬುದನ್ನು ಓದಿದಾಗ ನಮಗೆ ಮೈನವಿರೆದ್ದಿತು. ದೊಡ್ಡಿಯಲ್ಲಿ ಸಗಣಿ ಕೂಡುವುದು, ಒಂದು ದಿನ ಅದಕ್ಕೆ ಬೆಂಕಿ ಕೊಡುವುದು, ಮತ್ತೆ ದೊಡ್ಡಿ ಕಟ್ಟುವುದು, ಮತ್ತೆ ಸುಡುವುದು: ಹೀಗೆ ಅನೇಕ ತಲೆಮಾರುಗಳು ನಡೆದು ಗುಡ್ಡವು ಬೆಳೆದಿದೆ. ಬೂದಿಹಾಳದಲ್ಲಿ 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಿಂದ, ದೊಡ್ಡಿಯ ಪಕ್ಕದಲ್ಲಿಯೇ ಜನರು ವಾಸಮಾಡಿಕೊಂಡಿದ್ದರೆಂಬುದೂ ತಿಳಿಯಿತು. ಅಲ್ಲಿ ಕಲ್ಲಿನ ಆಯುಧಗಳನ್ನು ಮಾಡಿದ ಜಾಗವಿದೆ, ದನಗಳನ್ನು ಕೊಯ್ದ ನೆಲವಿದೆ, ಎಳೆಯ ಮಕ್ಕಳನ್ನು ಹೂಳಿದ ಗೋರಿಗಳಿವೆ. ಹೆತ್ತವರು ತೀರಿದ ಮಗುವನ್ನು ಮನೆಯ ಹತ್ತಿರವೇ ಇಟ್ಟುಕೊಂಡಿದ್ದರು.

ಗೊಬ್ಬರಕ್ಕೆ ಒದಗಬೇಕಾದ ಸಗಣಿಯನ್ನು ಅವರು ಹೀಗೆ ಗುಡ್ಡಗಟ್ಟಲೆ ಸುಟ್ಟದ್ದೇಕೆ? ಈ ಸಂಶಯವು ಒಕ್ಕಲುತನದ ಮನೆಯಲ್ಲಿ ಹುಟ್ಟಿದವರಿಗೆಲ್ಲ ಬರತಕ್ಕದ್ದು. ಉಣ್ಣೆ ಚಿಗಟಗಳ ಕಾಟವನ್ನು ಕಳೆಯುವುದಕ್ಕೆಂದು ಹೇಳಬಹುದು. ಆದರೆ ಅದಕ್ಕೆ ಅಷ್ಟು ದೊಡ್ಡ ಉರಿಯು ಬೇಕಿಲ್ಲ, ಬೂದಿಯನ್ನು ಒಂದೇ ಕಡೆ ತಲೆತಲಾಂತರದಿಂದ ಕೂಡಿಡುವ ಅಗತ್ಯವೂ ಇಲ್ಲ. ವರ್ಷದ ಗೊತ್ತಾದ ಕಾಲದಲ್ಲಿ, ದನಗಳನ್ನು ಮೇವಿಗೆ ಹೊರಡಿಸುವಾಗಲೋ ಮರಳಿ ತರುವಾಗಲೋ, ಊರೆಲ್ಲ ಕೂಡಿ ನಡೆಸಿದ ಹಬ್ಬದ ಬೆಂಕಿ ಇದಾಗಿರಬಹುದೆಂದು ಆಲ್ಚಿನ್ ಅವರು 1963ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಊಹಿಸಿದರು. ಇದನ್ನು ಎಲ್ಲರೂ ಒಪ್ಪಿದ್ದಾರೆಂದು ನಾವು ಹೇಳುವುದಿಲ್ಲ. ಆದರೆ ಹಳೆಯ ಮೈಸೂರು ಸೀಮೆಯ ವಾಚಕರು ಈ ಊಹೆಯನ್ನು ಓದಿ ತಟ್ಟನೆ ತಲೆದೂಗುವರು. ಸಂಕ್ರಾಂತಿಯ ಸಂಜೆ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹೂವಿನ ಹಾರ ಹಾಕಿ, ಊರ ಮುಂದೆ ಹುಲ್ಲಿಗೆ ಬೆಂಕಿ ಹಚ್ಚಿ ಅದರ ಮೇಲೆ ಹಾಯಿಸುವ 'ಕಿಚ್ಚು ಹಾಯಿಸುವ' ಪದ್ಧತಿಯು ಅಲ್ಲಿ ಇಂದಿಗೂ ಉಂಟಲ್ಲವೆ? ದನ, ಬೆಂಕಿ, ವರ್ಷದ ಒಂದು ಗೊತ್ತಾದ ದಿನ, ಊರೆಲ್ಲ ಸೇರಿದ ಜನ: ಬೂದಿಗುಡ್ಡದವರಿಗೂ ಇವರಿಗೂ ಇದರಲ್ಲಿ ವ್ಯತ್ಯಾಸವೇನು ಎನಿಸುವುದು. (ಇಲ್ಲಿ ಒಂದು ಮಾತನ್ನು ನುಡಿಯದೆ ಇರಲಾರೆವು. ಹೆದರಿದ ದನವನ್ನು ಹಗ್ಗದಿಂದ ಜಗ್ಗಿ ಉರಿಯೊಳಕ್ಕೆ ನೂಕುವುದು ನಮಗೆ ಹಿಡಿಸದು. ಉರಿಯು ತಗ್ಗಿದ ಮೇಲೆ, ದನವು ತಾನಾಗಿ ದಾಟುವಷ್ಟಿದ್ದರೆ ಸಂಪ್ರದಾಯಕ್ಕೆ ಕುಂದೇನೂ ಬಾರದು.)

ಗುಡ್ಡದಿಂದ ಇನ್ನು ಗುಣಿಗೆ ಬರೋಣ. ನಾವು ಹುಟ್ಟಿ ಬೆಳೆದದ್ದು ಎರೆಯ ಹೊಲಗಳ ಸೀಮೆಯಲ್ಲಿ. ಅಲ್ಲಿ ಎಳ್ಳಮಾವಾಸ್ಯೆಯ ಆಚೀಚೆ ಬಿಳಿಜೋಳದ ತೆನೆಯು ಹಾಲುಗಟ್ಟಿ, ಇನ್ನೂ ಗಟ್ಟಿಯಾಗದ ಹದಕ್ಕೆ ಬರುವುದು. ಆಗ ನಮ್ಮ ಅಜ್ಜನವರು ಹೊಲದ ಬದುವಿನ ಹತ್ತಿರ ಒಂದು ಮೊಳದಷ್ಟು ಗುಣಿ ತೋಡಿ, ಕುಳ್ಳುಗಳನ್ನು ಒಟ್ಟಿ, ಉರಿ ಹಚ್ಚುತ್ತಿದ್ದರು. ಮಕ್ಕಳಾದ ನಾವು ಸುತ್ತ ಕುಳಿತು, ಈಗ ಆಯಿತೆ, ಈಗ ಆಯಿತೆ ಎಂದು ಪೀಡಿಸುತ್ತಿದ್ದೆವು. ಉರಿ ಇರುವವರೆಗೆ ಅವರು ತೆನೆಯನ್ನು ಮುಟ್ಟಗೊಡುತ್ತಿರಲಿಲ್ಲ. ಉರಿ ಇಳಿದು, ಹೊಗೆ ನಿಂತು, ಕೆಂಡದ ಮೇಲೆ ಬಿಳಿಯ ಬೂದಿಯ ತೆಳ್ಳನೆಯ ಪೊರೆ ಕಟ್ಟಿದ ಮೇಲೆ, ತೆನೆಗಳನ್ನು ದಂಟು ಹೊರಗಿರುವಂತೆ ಗುಣಿಯ ಅಂಚಿನ ಸುತ್ತ ಕೆಂಡದೊಳಕ್ಕೆ ಚುಚ್ಚಿ, ಮೇಲೆ ಬಿಸಿಬೂದಿಯನ್ನು ಎಳೆಯುವರು. ಸ್ವಲ್ಪ ಹೊತ್ತಿಗೆ ಹೊರತೆಗೆದು, ಕಂಬಳಿಯ ಮೇಲೆ ಉಜ್ಜಿ, ಹೊಟ್ಟನ್ನು ಊದಿ, ಬೆಚ್ಚನೆಯ ಹಸಿರು ಕಾಳನ್ನು ಬೊಗಸೆಗೆ ಸುರಿಯುವರು. ಇದೇ ಸೀತನಿ. ಬೆಲ್ಲದೊಡನೆಯೂ ಸರಿ, ಶೇಂಗಾದ ಚಟ್ನಿಪುಡಿ ಮೊಸರುಗಳೊಡನೆಯೂ ಸರಿ. ಒಲೆಯ ಮೇಲೆ ಹಂಚಿಟ್ಟು ಹುರಿದು ಅದೇ ರುಚಿಯನ್ನು ತರಬೇಕೆಂದು ನಮ್ಮ ಮನೆಯವರು ಎಷ್ಟೋ ಸಲ ಯತ್ನಿಸಿದ್ದಾರೆ, ಬರುವುದಿಲ್ಲ. ಗುಣಿಯೊಳಗೆ ತೆನೆಯು ಸುತ್ತಲಿಂದಲೂ ಒಂದೇ ಸಮನಾದ ಶಾಖಕ್ಕೆ ತನ್ನ ಹಸಿನೀರಿನಲ್ಲಿಯೇ ಬೇಯುವುದು. ಹಂಚಿನ ಮೇಲಾದರೆ ಒಂದು ಮಗ್ಗುಲು ಸೀದು ಇನ್ನೊಂದು ಮಗ್ಗುಲು ಹಸಿಯಾಗಿ ಉಳಿಯುವುದು. ನ್ಯೂಜಿಲೆಂಡಿನ ಮಾವೋರಿ ಜನರು ಇದೇ ತತ್ತ್ವವನ್ನು ದೊಡ್ಡದಾಗಿ ನಡೆಸುತ್ತಾರೆ. ಗುಣಿಯಲ್ಲಿ ಕಲ್ಲುಗಳನ್ನು ಕಾಯಿಸಿ, ಮೇಲೆ ಗೆಡ್ಡೆ ಮಾಂಸಗಳ ಬುಟ್ಟಿಗಳನ್ನಿಟ್ಟು, ಮಣ್ಣು ಮುಚ್ಚಿ, ಗಂಟೆಗಟ್ಟಲೆ ಬೇಯಿಸುವ ಆ ಅಡಿಗೆಗೆ ಹಾಂಗಿ ಎಂದು ಹೆಸರು.

ಬಳ್ಳಾರಿಯ ಹತ್ತಿರ ಸಂಗನಕಲ್ಲಿನಲ್ಲಿ ನೆಲೆಸಿದ್ದ ಆ ಹಳೆಯ ಕಾಲದ ಜನರು ಕೊರಲೆ, ಹುರುಳಿ, ಹೆಸರುಗಳನ್ನು ಬೆಳೆದು ಉಣ್ಣುತ್ತಿದ್ದರೆಂಬುದು ಅಲ್ಲಿ ದೊರೆತ ಸುಟ್ಟ ಕಾಳುಗಳಿಂದ ತಿಳಿದುಬಂದಿದೆ. ಸುಡದಿದ್ದ ಕಾಳು ಕೊಳೆತು ಮಣ್ಣಾಯಿತು. ಬೆಂಕಿಗೆ ತಪ್ಪಿ ಬಿದ್ದು ಕರಿಕಾದದ್ದು ಮಾತ್ರ ಉಳಿಯಿತು. ನಾಲ್ಕು ಸಾವಿರ ವರ್ಷಗಳ ಹಿಂದಿನ ಗೃಹಿಣಿಯ ಕೈತಪ್ಪಿನಿಂದಲೇ ಅವಳ ಊಟದ ಸುದ್ದಿಯು ನಮಗೆ ಮುಟ್ಟಿದೆ!

ದೇವರ ಬೆಂಕಿಯೂ ಗುಣಿಯಲ್ಲಿಯೇ ನೆಲೆಸಿತು. ವೈದಿಕರ ತ್ರೇತಾಗ್ನಿಗಳಲ್ಲಿ ಗಾರ್ಹಪತ್ಯಕ್ಕೆ ದುಂಡಾದ ಕುಂಡ, ಆಹವನೀಯಕ್ಕೆ ಚೌಕ, ದಕ್ಷಿಣಾಗ್ನಿಗೆ ಅರ್ಧಚಂದ್ರಾಕಾರ. ಆಕಾರಗಳು ಬೇರೆಯಾದರೂ ಮೂರರ ಕ್ಷೇತ್ರಫಲವು ಒಂದೇ ಆಗಿರತಕ್ಕದ್ದೆಂದು ವಿಧಿ. ಚೌಕದಷ್ಟೇ ಕ್ಷೇತ್ರಫಲವುಳ್ಳ ದುಂಡನ್ನು ಎಳೆಯುವುದು ಹೇಗೆಂಬ ಈ ತೊಡಕಿನಿಂದಲೇ ಶುಲ್ಬಸೂತ್ರಗಳ ರೇಖಾಗಣಿತವು ಬೆಳೆಯಿತು. ಗ್ರಾಮದೇವತೆಗಳ ಮುಂದೆ, ವೀರಭದ್ರನ ಗುಡಿಗಳ ಮುಂದೆ ತೋಡುವ ಕೊಂಡವನ್ನು ಬಲ್ಲದವರಾರು? ಉತ್ತರದ ಜಿಲ್ಲೆಗಳಲ್ಲಿ ಮೊಹರಮ್ಮಿನ ದಿನಗಳಲ್ಲಿ ಮಸೀದಿಯ ಮುಂದೆ ಅಲಾಯಿಯ ಕುಣಿಯನ್ನು ತೋಡಿ ಬೆಂಕಿ ಹಾಕುವರು. ಅದರ ಸುತ್ತ ಹೆಜ್ಜೆಯಿಟ್ಟು ಕುಣಿಯುವವರಲ್ಲಿ ಹಿಂದೂಗಳು ಎಷ್ಟು ಮಂದಿ, ಮುಸಲ್ಮಾನರು ಎಷ್ಟು ಮಂದಿ ಎಂದು ಎಣಿಸುವ ರೂಢಿಯು ನಮ್ಮ ಊರಿನಲ್ಲಿ ಇರಲಿಲ್ಲ. ಕೆಂಡದ ಮೇಲೆ ನಡೆದವರ ಕಾಲು ಸುಡದಿರುವುದಕ್ಕೆ ಭಕ್ತಿಯೇ ಕಾರಣವೆಂದು ನಂಬುವವರೊಡನೆ ನಾವು ವಾದಕ್ಕೆ ನಿಲ್ಲುವುದಿಲ್ಲ. ಇದ್ದಲಿಯ ಕೆಂಡವು ತನ್ನ ಶಾಖವನ್ನು ಬಹಳ ನಿಧಾನವಾಗಿ ಬಿಟ್ಟುಕೊಡುವುದು, ಮೇಲಿನ ಬೂದಿಯು ಅದನ್ನು ಇನ್ನಷ್ಟು ತಡೆಯುವುದು, ಹೆಜ್ಜೆಯು ಕೆಂಡವನ್ನು ತಾಗಿರುವುದು ಕ್ಷಣಮಾತ್ರ ಎಂಬುದಿಷ್ಟನ್ನು ಹೇಳುವೆವು. ಎಡವಿದವರನ್ನು, ತಡೆದು ನಿಂತವರನ್ನು ಆ ಕೆಂಡವೇ ಸುಟ್ಟಿರುವುದನ್ನೂ ಕಂಡಿದ್ದೇವೆ.

ದೊಡ್ಡಿಯ ಬೆಂಕಿ, ಸಂಕ್ರಾಂತಿಯ ಕಿಚ್ಚು, ಸೀತನಿಯ ಗುಣಿ, ಕೊಂಡ, ಅಲಾಯಿ ಇವೆಲ್ಲವೂ ಆಕಾಶದ ಕೆಳಗೆ ಉರಿದಂಥವು ಎಂಬುದನ್ನು ವಾಚಕರು ಗಮನಿಸಿರಬಹುದು. ಬೆಂಕಿಯನ್ನು ಮನೆಯೊಳಕ್ಕೆ ತಂದಾಗ ಹಿಂದಿನವರು ಅದರ ಪಾಲಿನ ಆಕಾಶವನ್ನೂ ಜತೆಯಲ್ಲಿಯೇ ತಂದರು. ಹಳೆಯ ಅಡಿಗೆಮನೆಗಳಲ್ಲಿ ಮಾಡಿನ ನಡುವೆ ಹೊಗೆ ಹೋಗಲು ಬಿಟ್ಟ ಗವಾಕ್ಷಿಯಿರುತ್ತಿತ್ತು. ಹೆಂಚುಗಳ ಸಂದಿಯಲ್ಲಿಯೂ ಗಾಳಿಯಾಡುತ್ತಿತ್ತು. ಯಾಗಶಾಲೆಗೆ ಗೋಡೆಯಿಲ್ಲದ ಚಪ್ಪರವೇ ಸಾಕಾಯಿತು. ಇಂದಿನ ನಮ್ಮ ಮನೆಗಳಾದರೋ ಮೇಲೆ ಕಾಂಕ್ರೀಟು, ಕಿಟಕಿಗೆ ಗಾಜು, ಬಾಗಿಲಿಗೆ ಸಂದಿಯಿಲ್ಲದ ಚೌಕಟ್ಟು ಇರುವಂಥವು. ಇಂಥ ಕೋಣೆಗೆ ಕೆಂಡವನ್ನು ಒಯ್ದರೆ ಏನಾಗುವುದೆಂಬುದನ್ನು ನಾವು ಪುಸ್ತಕದಿಂದ ಕಲಿತವರಲ್ಲ.

ಸುಮಾರು 40 ವರ್ಷಗಳ ಹಿಂದೆ, ಮಾಘಮಾಸದಲ್ಲಿ, ನಮ್ಮ ಮನೆಯಲ್ಲಿ ಮದುವೆಯೊಂದು ನಡೆಯಿತು. ಅಡಿಗೆಯವರು ಹಿತ್ತಲಿನಲ್ಲಿ ಕಾಲುವೆಯಂತೆ ಉದ್ದವಾಗಿ ನೆಲ ತೋಡಿ, ಅದರ ಮೇಲೆ ಕೊಪ್ಪರಿಗೆಗಳನ್ನು ಸಾಲಾಗಿ ಇಟ್ಟಿದ್ದರು. ರಾತ್ರಿ ಊಟವಾದ ಮೇಲೆ ಆ ಕಾಲುವೆಯ ತುಂಬ ಕೆಂಡವು ಉಳಿದಿತ್ತು. ನಮ್ಮ ಸೋದರಮಾವನವರಿಗೆ ಆಗ 60 ದಾಟಿತ್ತು, ಚಳಿ ತಡೆಯುತ್ತಿರಲಿಲ್ಲ. ಅವರಿಗೂ ಅವರ ಮಗನಿಗೂ ಹೊಸದಾಗಿ ಕಟ್ಟಿಸಿದ ಒಂದು ಚಿಕ್ಕ ಕೋಣೆಯನ್ನು ಬಿಟ್ಟುಕೊಟ್ಟಿದ್ದೆವು. "ಅಪ್ಪಾ, ಒಂದಿಷ್ಟು ಕೆಂಡ ತಂದಿಡು" ಎಂದು ಅವರು ಕೇಳಿದರು. ಬಾಣಲೆಯ ತುಂಬ ಚೆನ್ನಾದ ಕೆಂಡವನ್ನು, ಹೊಗೆಯಾಡುವ ಕೊಳ್ಳಿಯೊಂದೂ ಇಲ್ಲದಂತೆ ಆರಿಸಿ, ತುಂಬಿ ಒಯ್ದಿಟ್ಟವರು ನಾವೇ. ಕಿಟಕಿಯನ್ನು ಮುಚ್ಚಿದವರೂ ನಾವೇ. ಬೆಳಗಿನ ಜಾವ ಎಣ್ಣೆ ಹಚ್ಚಲು ಕರೆಯಹೋದವರಿಗೆ ಒಳಗಿನಿಂದ ಓಗೊಡುವವರಿರಲಿಲ್ಲ. ಬಾಗಿಲನ್ನು ಒಡೆದು ಇಬ್ಬರನ್ನೂ ಅಂಗಳಕ್ಕೆ ಹೊತ್ತು ತಂದೆವು. ಮಗನಿಗೆ ಸ್ವಲ್ಪ ಹೊತ್ತಿಗೆ ಎಚ್ಚರ ಬಂದಿತು, ವಾಂತಿಯಾಯಿತು. ಎಷ್ಟೋ ದಿನ ತಲೆನೋವು ಅವರನ್ನು ಬಿಡಲಿಲ್ಲ. ಮಾವನವರು ಏಳಲಿಲ್ಲ. ಅವರ ಮುಖವು ನಿದ್ರೆಹೋದವರ ಮುಖದಂತೆಯೇ ಇತ್ತು.

ಚಳಿಗೆ ಹೋದರೆಂದು ಬಂಧುಗಳು ಹೇಳಿದರು. ಆಯುಸ್ಸು ಅಷ್ಟೇ ಇತ್ತೆಂದು ಹಿರಿಯರು ಸಮಾಧಾನ ಮಾಡಿದರು. ಬಂದ ವೈದ್ಯರು ಮಾತ್ರ ಕೋಣೆಯೊಳಕ್ಕೆ ಹೋಗಿ, ತಣ್ಣಗಾಗಿದ್ದ ಬಾಣಲೆಯನ್ನು ನೋಡಿ, ನಮ್ಮನ್ನು ಒಂದು ಕಡೆಗೆ ಕರೆದು ಕಾರಣವನ್ನು ತಿಳಿಸಿದರು. ಅವರು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇವೆ. ಕೆಂಡಕ್ಕೆ ಸಾಕಷ್ಟು ಗಾಳಿ ಸಿಕ್ಕದಿದ್ದಾಗ ಅದರಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ಹೊರಡುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ನಮ್ಮ ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ಹೀಮೋಗ್ಲೋಬಿನ್ ಎಂಬ ದ್ರವ್ಯವು ಪ್ರಾಣವಾಯುವನ್ನು ಹೊತ್ತು ಮೈಯೆಲ್ಲ ಹಂಚತಕ್ಕದ್ದು. ಈ ಅನಿಲವಾದರೋ ಪ್ರಾಣವಾಯುವಿಗಿಂತ 200 ಪಾಲಿಗೂ ಹೆಚ್ಚು ಬಿಗಿಯಾಗಿ ಆ ದ್ರವ್ಯವನ್ನು ಹಿಡಿದುಕೊಳ್ಳುವುದು. ಉಸಿರಾಟವು ನಡೆದಿದ್ದರೂ ಮೈಗೆ ಉಸಿರು ಮುಟ್ಟದು. ಮೊದಲು ತಲೆನೋವು, ಆಮೇಲೆ ಓಕರಿಕೆ, ಮಂಕು, ನಿದ್ರೆ. ನಿದ್ರೆಯಲ್ಲಿರುವವನಿಗೆ ಮೊದಲಿನ ಸೂಚನೆಗಳಾವುವೂ ತಿಳಿಯವು. ಹೊಗೆಯಿಲ್ಲದ ಕೆಂಡವನ್ನು ಆರಿಸಿ ಒಯ್ದದ್ದು ಒಳ್ಳೆಯದೆಂದು ನಾವು ತಿಳಿದಿದ್ದೆವು. ಹೊಗೆಯಿದ್ದಿದ್ದರೆ ಕೆಮ್ಮು ಬಂದು ಅವರಿಗೆ ಎಚ್ಚರವಾದರೂ ಆಗುತ್ತಿತ್ತು.

ಇದು ನಮ್ಮ ಮನೆಗೆ ಮಾತ್ರ ಬಂದ ವಿಪತ್ತಲ್ಲ. ಕ್ರಿ. ಶ. 4ನೆಯ ಶತಮಾನದಲ್ಲಿ, ಮುಂದೆ ರೋಮಿನ ಸಾಮ್ರಾಟನಾದ ಜೂಲಿಯನ್ ಎಂಬವನು ಇಂದಿನ ಪ್ಯಾರಿಸ್ಸಿನಲ್ಲಿ ಚಳಿಗಾಲವನ್ನು ಕಳೆಯುತ್ತಿದ್ದಾಗ, ಕೋಣೆಗೆ ಕೆಂಡವನ್ನು ತರಿಸಿಕೊಂಡು ಮಲಗಿ ಮೂರ್ಛೆಹೋದನು. ಪರಿಚಾರಕರು ಹೊರಕ್ಕೆ ಹೊತ್ತು ತಂದುದರಿಂದ ಬದುಕಿಕೊಂಡನು. ಈ ಸಂಗತಿಯನ್ನು ಅವನೇ ಬರೆದಿಟ್ಟಿದ್ದಾನೆ. ಅರಮನೆಯವನೂ ತಿಳಿಯದೆ ಮಾಡಿದ ತಪ್ಪು 1600 ವರ್ಷಗಳಾದರೂ ನಿಂತಿಲ್ಲ. ಚಳಿಗಾಲದ ಪತ್ರಿಕೆಗಳಲ್ಲಿ ಇಂಥ ಸುದ್ದಿಯು ಮತ್ತೆ ಮತ್ತೆ ಬರುವುದನ್ನು ಕಾಣುತ್ತೇವೆ.

ಇನ್ನು ಪತ್ರ ಬರೆದ ಮಹನೀಯರ ತಾಯಿಯವರ ವಿಚಾರ. ಅವರನ್ನು ಚಳಿಯಲ್ಲಿ ನಡುಗಿಸಿರೆಂದು ನಾವು ಹೇಳುವುದಿಲ್ಲ. ಸಂಜೆ ಗುಣಿಯ ಬದಿಯಲ್ಲಿ ಇಟ್ಟಿಗೆಯೊಂದನ್ನು ಇಟ್ಟು ಕಾಯಿಸಿ, ಕೈಗೆ ತಾಳುವಷ್ಟು ಆರಿದ ಮೇಲೆ ದಪ್ಪನಾದ ಹಳೆಯ ಬಟ್ಟೆಯಲ್ಲಿ ಎರಡು ಮೂರು ಸುತ್ತು ಸುತ್ತಿ ಹಾಸಿಗೆಯಲ್ಲಿ ಕಾಲಿನ ಕಡೆ ಇಡಬಹುದು. ರಬ್ಬರಿನ ಚೀಲದಲ್ಲಿ ಬಿಸಿನೀರು ತುಂಬಿ ಕೊಡಬಹುದು. ಎರಡನ್ನೂ ಮೈಗೆ ನೇರವಾಗಿ ತಾಗಿಸಬಾರದು, ವೃದ್ಧರ ಚರ್ಮಕ್ಕೆ ಸುಟ್ಟದ್ದು ಬೇಗ ತಿಳಿಯದು. ಕಾಲುಚೀಲ, ತಲೆಗೊಂದು ಉಣ್ಣೆಯ ಟೋಪಿ ಇವು ಇನ್ನೂ ಸುಲಭ. ಆದರೆ ಎಲ್ಲಕ್ಕಿಂತ ಮೊದಲು ಅವರನ್ನೇ ಒಮ್ಮೆ ಕೇಳಿ ನೋಡಬೇಕು. ರಾತ್ರಿ ಹೊರಗೆ ಬರಲಾರದವರು ಹೊತ್ತು ಮುಳುಗುವ ಮೊದಲು ಬರಬಹುದಲ್ಲವೆ? ಕುರ್ಚಿಯೊಂದನ್ನು ಗಾಳಿಗೆ ಬೆನ್ನಾಗಿ ಹಾಕಿ, ಕಂಬಳಿ ಹೊದಿಸಿ, ಬೆಂಕಿಯನ್ನು ಒಂದು ಗಂಟೆ ಮುಂಚಿತವಾಗಿ ಹಚ್ಚಿದರಾಯಿತು. ಹಿರಿಯರು ಅನೇಕರು ಬಯಸುವುದು ಕೆಂಡವನ್ನಲ್ಲ, ಕೆಂಡದ ಸುತ್ತ ಕುಳಿತವರನ್ನು.

ಗುಣಿಯ ವಿಷಯವಾಗಿಯೂ ನಾಲ್ಕು ಮಾತು. ಮನೆಯ ಗೋಡೆಗೆ, ಹುಲ್ಲಿನ ಬಣವೆಗೆ, ಒಣಗಿದ ಎಲೆ ಉದುರುವ ಮರಕ್ಕೆ ಅದು ದೂರವಿರಬೇಕು. ಸುತ್ತ ಜೋಡಿಸುವ ಕಲ್ಲನ್ನು ಹೊಳೆಯಿಂದ ತರಬಾರದು. ಅದರೊಳಗೆ ಸೇರಿದ ನೀರು ಕಾದು ಆವಿಯಾಗಿ ಕಲ್ಲು ಸಿಡಿಯುವುದುಂಟು. ಪ್ಲಾಸ್ಟಿಕ್ಕು, ಬಣ್ಣ ಬಳಿದ ಮರ, ಹಳೆಯ ಟಯರು ಇವನ್ನು ಅದಕ್ಕೆ ಹಾಕುವುದೆಂದರೆ ಕುಳಿತವರೆಲ್ಲರಿಗೂ ವಿಷವನ್ನು ಊಡಿದಂತೆ. ನೈಲಾನ್ ಸೀರೆಯ ಸೆರಗು, ಮಕ್ಕಳ ಲಂಗ ಇವುಗಳ ಕಡೆ ಕಣ್ಣಿರಲಿ, ಒಂದು ಕೊಡ ನೀರು ಪಕ್ಕದಲ್ಲಿರಲಿ. ಬೆಳಗ್ಗೆ ಮೇಲೆ ತಣ್ಣಗೆ ಕಾಣುವ ಬೂದಿಯ ಅಡಿಯಲ್ಲಿ ಕೆಂಡವಿರುವುದನ್ನು ಮಕ್ಕಳು ಅರಿಯರು. ಗುಣಿಯ ಮೇಲೆ ಹಳೆಯ ಹಂಡೆಯನ್ನು ಕವುಚಿ ಇಡುವುದು ಲೇಸು. ತಣಿದ ಬೂದಿಯನ್ನು ಚೆಲ್ಲಬೇಡಿರಿ. ಜರಡಿಯಾಡಿ ಪಾತ್ರೆಗಳಿಗೂ ತೆಂಗಿನ ಬುಡಕ್ಕೂ ಉಪಯೋಗಿಸಿರಿ.

ಅಳಿಯಂದಿರು ಮುಂದಿನ ಸಲ ಬಂದಾಗ ಅವರ ಕೈಗೆ ಗುದ್ದಲಿಯನ್ನು ಕೊಟ್ಟು, ಗಾಳಿಯ ಕಡೆಗೆ ಆ ಎರಡನೆಯ ಸಣ್ಣ ಗುಣಿಯನ್ನು ಅವರಿಂದಲೇ ತೋಡಿಸಬೇಕೆಂದು ನಮ್ಮ ಸಲಹೆ. ಮಲೆನಾಡಿನಲ್ಲಿ ಬಿಳಿಜೋಳದ ತೆನೆಯು ಸಿಕ್ಕಲಾರದು. ಗೆಣಸು ಸಿಕ್ಕುವುದು. ಉರಿ ಇಳಿದು ಬೂದಿಯ ಪೊರೆ ಕಟ್ಟಿದ ಮೇಲೆ ಹೂತಿಟ್ಟರೆ ಮುಕ್ಕಾಲು ಗಂಟೆಗೆ ಬೇಯುತ್ತದೆ. ದಪ್ಪನಾದವಕ್ಕೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬೇಕು.